ಪಾದರಕ್ಷೆ ಹೊರಗಿಡುವ ಪದ್ಧತಿ ಮತ್ತು ಪಾದಗಳ ಆರೋಗ್ಯ

ಹೈದರಾಬಾದಿನಲ್ಲಿ ಕಾಚಿಗುಡದ ಕನ್ನಡಿಗರ ಮನೆಗೆ ಹೋಗಲಿ, ಹಳೆಯ ಊರಿನ ಯಾವುದಾದರೊಂದು ದಿವಾನಖಾನೆಗೆ ಹೋಗಲಿ, ಬಂದವರು ಹೊಸ್ತಿಲ ಹೊರಗೇ ಪಾದರಕ್ಷೆಗಳನ್ನು ಕಳಚುತ್ತಾರೆ. ಮಂದಿರ, ಮಸೀದಿ, ಗುರುದ್ವಾರಗಳಲ್ಲಂತೂ ಈ ವಿಷಯದಲ್ಲಿ ಮತಭೇದವೇ ಇಲ್ಲ. ಇಷ್ಟು ಸಹಜವಾಗಿ ನಡೆದುಬಂದಿರುವ ಈ ಪದ್ಧತಿ ಇದೇ ನಗರದಲ್ಲಿ ಒಮ್ಮೆ ರಾಜಕಾರಣದ ಪ್ರಶ್ನೆಯಾಗಿತ್ತೆಂಬುದು ಅನೇಕರಿಗೆ ತಿಳಿದಿರಲಾರದು.

ನಿಜಾಮರ ದರ್ಬಾರಿನಲ್ಲಿ ನೆಲದ ಹಾಸಿನ ಮೇಲೆಯೇ ಕುಳಿತುಕೊಳ್ಳುವ ಸಂಪ್ರದಾಯವಿತ್ತು. ಬ್ರಿಟಿಷ್ ರೆಸಿಡೆಂಟರು ಸಹ ಬೂಟುಗಳನ್ನು ಕಳಚಿಯೇ ಒಳಗೆ ಬರುತ್ತಿದ್ದರು. 1869ರಲ್ಲಿ ಅಫ್ಜಲ್-ಉದ್-ದೌಲಾ ತೀರಿಕೊಂಡು, ಇನ್ನೂ ಮೂರು ವರ್ಷ ತುಂಬದ ಮೀರ್ ಮಹಬೂಬ್ ಅಲಿ ಖಾನರನ್ನು ಗಾದಿಗೆ ಕೂರಿಸಿದಾಗ, ಅಂದಿನ ರೆಸಿಡೆಂಟ್ ಸಾಂಡರ್ಸ್, ತಾನು ಬೂಟು ಧರಿಸಿಯೇ ಬರುವುದಾಗಿಯೂ ತನಗೆ ಕುರ್ಚಿ ಬೇಕೆಂದೂ ಪಟ್ಟುಹಿಡಿದು ಆ ಸಂಪ್ರದಾಯವನ್ನು ಮುರಿದನು. ಮಾನಾವಮಾನದ ಮಾತು ಹಾಗಿರಲಿ. ಇಲ್ಲಿ ಗಮನಿಸತಕ್ಕದ್ದು, ಕುರ್ಚಿಯೂ ಬೂಟೂ ಜೊತೆಯಾಗಿ ಒಳಗೆ ಬಂದವೆಂಬುದನ್ನು. ನೆಲವೇ ಆಸನವೂ ಊಟದ ಮಣೆಯೂ ಹಾಸಿಗೆಯೂ ಆಗಿರುವಲ್ಲಿ ಬೀದಿಯ ಕೊಳೆಗೆ ಪ್ರವೇಶವಿರಲಾರದು. ಮಡಿಯ ಹೆಸರಿನಲ್ಲಿ ಹಿರಿಯರು ಪಾಲಿಸಿದ್ದು ಬಹುಮಟ್ಟಿಗೆ ಶುಚಿತ್ವದ ನಿಯಮವನ್ನೇ.

ಬೀದಿಯಲ್ಲಿ ನಡೆದ ಅಟ್ಟೆಗೆ ಧೂಳು, ಉಗುಳು, ದನ-ನಾಯಿಗಳ ಮಲ ಎಲ್ಲವೂ ಅಂಟಿರುತ್ತವೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಮರುಕ್ಷಣವೇ ಬಾಯಿಗಿಡುತ್ತದೆ. ಆದ್ದರಿಂದ ಅಟ್ಟೆ ಹೊರಗಿರುವುದೇ ಕ್ಷೇಮ. ಆದರೆ ಅದೇ ಬೀದಿಯಲ್ಲಿ, ಹೊಲಗದ್ದೆಗಳಲ್ಲಿ ಬರಿಗಾಲು ಅಪಾಯಕಾರಿ. ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಿಂದ ಅಂಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರಿ, ಕೊನೆಗೆ ಕರುಳಿನಲ್ಲಿ ನೆಲಸಿ ರಕ್ತ ಹೀರುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ಕೈರೋ ನಗರದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಇಂತಹ ಮರಿಗಳಿದ್ದ ನೀರು ಅಕಸ್ಮಾತ್ತಾಗಿ ಚೆಲ್ಲಿತು. ಮೊದಲು ತುರಿಕೆಯುಂಟಾಗಿ, ಕೆಲವು ವಾರಗಳ ತರುವಾಯ ಅವರ ಮಲದಲ್ಲಿ ಹುಳುವಿನ ತತ್ತಿಗಳು ಕಂಡುಬಂದಾಗ ಈ ಮಾರ್ಗದ ಗುಟ್ಟು ಬಯಲಾಯಿತು.

ಹೊರಗೆ ಪಾದರಕ್ಷೆ, ಒಳಗೆ ಬರಿಗಾಲು ಎಂಬ ಲೆಕ್ಕ ಆರೋಗ್ಯವಂತರ ಮಟ್ಟಿಗೆ ಸರಿಯಾಗಿದೆ. ಸರಿಹೊಂದದಿರುವುದು ಸಕ್ಕರೆ ಕಾಯಿಲೆಯವರ ಮಟ್ಟಿಗೆ.

ಮಧುಮೇಹವು ಹಲವು ವರ್ಷಗಳ ಕಾಲ ಹತೋಟಿಯಿಲ್ಲದೆ ಮುಂದುವರಿದಲ್ಲಿ ಪಾದದ ನರಗಳು ಮೆಲ್ಲಮೆಲ್ಲನೆ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಕೆಲವರಿಗೆ ಜುಮ್ಮೆನ್ನುವ ಉರಿಯಿರುತ್ತದೆ. ಇನ್ನು ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ. ಹೈದರಾಬಾದಿನ ಎಷ್ಟೋ ಹಳೆಯ ಮನೆಗಳ ಅಂಗಳಕ್ಕೆ ಹಾಸಿರುವುದು ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು. ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮಧ್ಯಾಹ್ನ, ಆ ಕಲ್ಲಾಗಲಿ ದೇವಾಲಯದ ಪ್ರಾಕಾರದ ಕಲ್ಲಾಗಲಿ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಆರೋಗ್ಯವಂತನು ಹೌಹಾರಿ ನೆರಳಿಗೆ ಓಡುತ್ತಾನೆ. ಸ್ಪರ್ಶ ಕಳೆದುಕೊಂಡವನು ನಿಧಾನವಾಗಿ ಮೂರು ಪ್ರದಕ್ಷಿಣೆ ಮುಗಿಸಿ, ಬೊಬ್ಬೆಯೆದ್ದ ಅಂಗಾಲಿನೊಡನೆ ಏನೂ ಅರಿಯದೆ ಮನೆಗೆ ಮರಳುತ್ತಾನೆ. ರಕ್ತಸಂಚಾರ ಕುಂದಿರುವ ಪಾದದಲ್ಲಿ ಬೊಬ್ಬೆ ವ್ರಣವಾಗಿ, ಕೀವು ತುಂಬಿ ಮೂಳೆಗೆ ಇಳಿದರೆ ಬೆರಳನ್ನೋ ಪಾದವನ್ನೋ ಕತ್ತರಿಸುವ ಪ್ರಸಂಗ ಒದಗೀತು.

ನೋವು ದೇಹದ ಕಾವಲುಗಾರನೆಂಬ ಈ ಸತ್ಯವನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಅವರು ಲೋಕಕ್ಕೆ ತಿಳಿಯಪಡಿಸಿದರು. ಆ ರೋಗಿಗಳ ಪಾದಗಳು ಸವೆಯುತ್ತಿದ್ದುದಕ್ಕೆ ಮುಖ್ಯ ಕಾರಣ ನೋವಿನ ಅರಿವಿಲ್ಲದಿರುವುದೇ ಎಂದು ಅವರು ಕಂಡುಕೊಂಡರು. ಅವರಿಗೆಂದು ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯೇ ಈಗ ಮಧುಮೇಹಿಗಳಿಗೂ ಉಪಯುಕ್ತವಾಗಿದೆ.

ಸ್ಪರ್ಶ ಉಳಿದಿದೆಯೇ ಎಂಬುದನ್ನು ತಿಳಿಯುವುದು ಕಷ್ಟವಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ವೈದ್ಯರು ಅಂಗಾಲಿಗೆ ತಾಗಿಸುತ್ತಾರೆ. ಕಣ್ಣು ಮುಚ್ಚಿರುವ ರೋಗಿ ತಾಗಿದಾಗ ಹೇಳಬೇಕು. ಕೆಲವೇ ನಿಮಿಷಗಳ ಈ ಪರೀಕ್ಷೆಯನ್ನು ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳತಕ್ಕದ್ದು. ಅರಿವು ಕುಂದಿದೆಯೆಂದಾದರೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದೆಂಬುದು ವೈದ್ಯರ ಸಲಹೆ.

ತೊಡಕು ಬರುವುದು ಇಲ್ಲಿಯೇ. ನೆಂಟರ ಮನೆಯ ಹೊಸ್ತಿಲಲ್ಲಿ, ನಾಲ್ಕು ಜನರೆದುರು, ತಾನೊಬ್ಬನೇ ಚಪ್ಪಲಿ ಬಿಡಲಾರೆನೆನ್ನಲು ಹಿರಿಯರಿಗೆ ಸಂಕೋಚ. ಹೇಳಿದರೆ ಅಹಂಕಾರವೆಂದಾರು ಎಂಬ ಅಳುಕು. ಆದರೆ ಒಳಗೆ ಪಾದರಕ್ಷೆ ಧರಿಸುವುದು ನಮ್ಮವರಿಗೆ ಹೊಸದೇನಲ್ಲ. ಮಡಿವಂತ ಹಿರಿಯರು ಮನೆಯೊಳಗೆ ಮರದ ಹಾವುಗೆ ಮೆಟ್ಟಿ ಓಡಾಡುತ್ತಿದ್ದರು. ಆಕ್ಷೇಪವಿದ್ದುದು ತೊಗಲಿಗೆ ಹಾಗೂ ಬೀದಿಯ ಕೊಳೆಗೆ. (ಹಾವುಗೆಯನ್ನು ಮರಳಿ ತರುವ ಉತ್ಸಾಹ ಮಾತ್ರ ಬೇಡ, ಅರಿವಿಲ್ಲದ ಪಾದಕ್ಕೆ ಅದರ ಗಟ್ಟಿ ಮರವೂ ಗುಬಟೆಯೂ ಕೆಟ್ಟವು.) ಒಳಗಿನ ಬಳಕೆಗೆಂದೇ ಹಿಂಬದಿಯಲ್ಲಿ ಪಟ್ಟಿಯಿರುವ ಮೆತ್ತನೆಯ ಜೋಡನ್ನು ಚೀಲದಲ್ಲಿಟ್ಟುಕೊಂಡು ಹೋದರೆ ಮನೆಯವರ ನೆಲವೂ ಉಳಿಯಿತು, ಅತಿಥಿಯ ಪಾದವೂ ಉಳಿಯಿತು. ದೇವಾಲಯಗಳಿಗೆ ಬಿಸಿಲೇರುವ ಮುನ್ನ ಅಥವಾ ಸಂಜೆ, ಅನುಮತಿಯಿರುವಲ್ಲಿ ದಪ್ಪನೆಯ ಕಾಲುಚೀಲ ಧರಿಸಿ ಹೋಗುವುದು ಮೇಲು. ನೌಬತ್ ಪಹಾಡಿನ ಬಿರ್ಲಾ ಮಂದಿರದ ಅಮೃತಶಿಲೆ ಬೆಳ್ಳಗಿದೆಯೆಂದು ನಡುಹಗಲಿನಲ್ಲಿ ನಂಬಿ ನಿಲ್ಲುವಂತಿಲ್ಲ.

ಸಂಘಸಂಸ್ಥೆಗಳ ಸಭಾಂಗಣಗಳಲ್ಲಿಯೂ ಸ್ವಲ್ಪ ಏರ್ಪಾಡು ಅಗತ್ಯ. ಹಬ್ಬದ ದಿನ ಬಾಗಿಲಲ್ಲಿ ರಾಶಿ ಬೀಳುವ ಚಪ್ಪಲಿಗಳನ್ನು ಎಡವಿ ವೃದ್ಧರು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಗೋಡೆಗೆ ಒಂದು ಗೂಡು, ಕುಳಿತು ಕಳಚಲು ಒಂದು ಬೆಂಚು, ಹಿಡಿದುಕೊಳ್ಳಲು ಒಂದು ಸರಳು, ಒದ್ದೆಯಿಲ್ಲದ ಒಂದು ಕಾಲೊರಸು ಇಷ್ಟಕ್ಕೆ ಹೆಚ್ಚಿನ ವೆಚ್ಚವಾಗದು. ಬರಿಗಾಲಲ್ಲಿ ನಡೆಯಲೇಬೇಕಾಗಿ ಬಂದ ಮಧುಮೇಹಿಗಳು ಮನೆಗೆ ಮರಳಿದೊಡನೆ ಪಾದಗಳನ್ನು ತೊಳೆದು, ಬೆರಳಸಂದುಗಳನ್ನು ಒರಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಮುಳ್ಳು, ಬೊಬ್ಬೆ, ಕೆಂಪು ಏನಾದರೂ ಕಂಡುಬಂದಲ್ಲಿ, ನೋವಿಲ್ಲವೆಂದು ಸುಮ್ಮನಿರದೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.