ಹೊಳೆಯುವ ಕಲ್ಲನ್ನು ಒರೆಗೆ ಹಚ್ಚುವ ಬಗೆ

ದೀಪಾವಳಿಯ ಸೂಟಿ ಮುಗಿಸಿ ಬಂದ ಚಿತ್ರದುರ್ಗದ ಕಡೆಯ ಗೆಳೆಯರೊಬ್ಬರು ನಮ್ಮ ವಾಚನಾಲಯದ ಮೇಜಿನ ಮೇಲೆ ಅರಿವೆಯ ಗಂಟೊಂದನ್ನು ಬಿಚ್ಚಿದರು. ಒಳಗೆ ಮುಷ್ಟಿಗಾತ್ರದ ಕಲ್ಲು. ಮೈತುಂಬ ಹಿತ್ತಾಳೆಯಂಥ ಹೊಳಪು. 1972ರ ವನ್ಯಜೀವಿ ಕಾಯಿದೆಗೆ ಮುಂಚೆ ಅವರ ಅಜ್ಜ ಮೊಲದ ಬೇಟೆಗೆ ಗುಡ್ಡಕ್ಕೆ ಹೋದಾಗ ಆರಿಸಿ ತಂದದ್ದಂತೆ. ಇದು ಬಂಗಾರದ ಅದಿರೆಂದು ಹೇಳಿದ ದಲಾಲಿಯೊಬ್ಬ ಪರೀಕ್ಷೆಯ ಖರ್ಚಿಗೆ ಐದು ಸಾವಿರ ರೂಪಾಯಿ ಕೇಳಿದ್ದ. ಗೆಳೆಯರು ಹೆಂಡತಿಯ ಬಳೆಗಳನ್ನು ಒತ್ತೆಯಿಡುವ ವಿಚಾರದಲ್ಲಿದ್ದರು. ತುಸು ತಾಳಿರೆಂದು ಹೇಳಿ, ಅವರನ್ನು ಎದುರಿಗೆ ಕೂಡ್ರಿಸಿಕೊಂಡೇ ನಾವು ಪರೀಕ್ಷೆಗೆ ತೊಡಗಿದೆವು.

ಮೊದಲು ಗೀರು ನೋಡಬೇಕು. ಪತ್ತಾರನು ಬಂಗಾರವನ್ನು ಕರಿಯ ಒರೆಗಲ್ಲಿಗೆ ತಿಕ್ಕುವದನ್ನು ನಾವೆಲ್ಲ ಕಂಡವರೇ. ಇಂಥ ಕಲ್ಲುಗಳಿಗೆ ಬಿಳಿಯ ಒರೆ ಬೇಕು. ಬಚ್ಚಲಿಗೆ ಹಚ್ಚುವ ಟೈಲ್ಸಿನ ಒಡೆದ ತುಂಡು ಸಾಕು. ನುಣುಪಿಲ್ಲದ ಬೆನ್ನೂ ಬಿಳಿಯಿರುವದನ್ನು ಆರಿಸಿಕೊಂಡು ಆ ಬೆನ್ನಿಗೆ ಕಲ್ಲನ್ನು ಒತ್ತಿ ತಿಕ್ಕಿರಿ. ಮೇಲಿನ ಹೊಳಪು ಕಣ್ಣಿಗೆ ಮೋಸಮಾಡೀತು, ಉದುರಿದ ಪುಡಿಯ ಬಣ್ಣವು ಅಷ್ಟು ಸುಲಭವಾಗಿ ಮೋಸಮಾಡದು. ಬಂಗಾರದ ಗೀರು ಹಳದಿ. ನಮ್ಮ ಮುಂದಿನ ಕಲ್ಲು ಹಸುರು ಬೆರೆತ ಕಪ್ಪು ಗೀರು ಎಳೆಯಿತು. ತಾಮ್ರದ ಅದಿರಾದ ಚಾಲ್ಕೊಪೈರೈಟಿನ ಗೀರೂ ಹೀಗೆಯೇ ಇರುತ್ತದೆ. ಆದರೆ ಅದನ್ನು ಚಾಕುವಿನಿಂದ ಕೆರೆಯಬಹುದು. ಇದಕ್ಕೆ ಚಾಕು ನಾಟಲಿಲ್ಲ. ಆದ್ದರಿಂದ ಇದು ಪೈರೈಟು, ಅಂದರೆ ಕಬ್ಬಿಣವೂ ಗಂಧಕವೂ ಕೂಡಿದ ಖನಿಜ. ಇಂಗ್ಲಿಷರು ಇದನ್ನು 'ಮೂರ್ಖರ ಬಂಗಾರ' ಎನ್ನುತ್ತಾರೆ. ಆ ಹೆಸರನ್ನು ಗೆಳೆಯರಿಗೆ ನಾವು ಕೂಡಲೇ ಹೇಳಲಿಲ್ಲ.

ಸಂಡೂರಿನ ಗುಡ್ಡಗಳಲ್ಲಿ ಸಿಗುವ ಉಕ್ಕಿನ ಬಣ್ಣದ ಹೆಮಟೈಟು ಇದೇ ಟೈಲ್ಸಿಗೆ ಕೆಂಪು ಗೀರು ಎಳೆಯುತ್ತದೆ. ಮ್ಯಾಗ್ನಟೈಟಿನ ಗೀರು ಕಪ್ಪು; ಅದು ಲೋಹಚುಂಬಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರೈಲುಹಳಿಯ ಬದಿಗೆ ಬಿದ್ದಿರುವ, ಗುಳ್ಳೆಗುಳ್ಳೆಯಾದ ಕರಿಯ ತುಂಡು ಉಲ್ಕೆಯಲ್ಲ, ಬಹುಶಃ ಕುಲುಮೆಯ ಕಿಟ್ಟ.

ಇನ್ನು ತೂಕ. ಕಲ್ಲನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ತೂಗಹಾಕಿದೆವು: 600 ಗ್ರಾಂ. ಹಾಗೆಯೇ ತಳ ತಾಗದಂತೆ ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿದಾಗ 480. ಕಡಿಮೆಯಾದದ್ದು 120. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ 5, ಅಂದರೆ ನೀರಿನ ಐದು ಪಟ್ಟು ಭಾರ. ಪೈರೈಟಿನ ಲೆಕ್ಕವೂ ಅದೇ. ಅಪ್ಪಟ ಬಂಗಾರವು ನೀರಿಗಿಂತ 19 ಪಟ್ಟು ಮೀರಿ ಭಾರವಾದದ್ದು. ಅಷ್ಟೇ ತೂಕದ ಬಂಗಾರವಾಗಿದ್ದರೆ ನೀರಿನಲ್ಲಿ ಸುಮಾರು 31 ಗ್ರಾಂ ಮಾತ್ರ ಇಳಿಯುತ್ತಿತ್ತು.

ಚೂರೊಂದನ್ನು ಅರಿವೆಯಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದೆವು. ಬಂಗಾರವು ಚಪ್ಪಟೆಯಾಗುತ್ತದೆ, ಇದು ಪುಡಿಯಾಯಿತು. ಒಲೆಯಲ್ಲಿ ಕಾಯಿಸಿ ನೋಡುವ ಹುಚ್ಚಿಗೆ ಮಾತ್ರ ಯಾರೂ ಹೋಗಬಾರದು. ಗಂಧಕದ ಹೊಗೆ ಉಸಿರು ಕಟ್ಟಿಸುತ್ತದೆ. ಕೆಲವು ಕಲ್ಲುಗಳಲ್ಲಿ ಪಾಷಾಣದ ಅಂಶವೂ ಇರುತ್ತದೆ.

"ಇದರೊಳಗೆ ಒಂದು ಕಣವಾದರೂ ಬಂಗಾರ ಇರಲಿಕ್ಕಿಲ್ಲವೇ?" ಎಂದು ಗೆಳೆಯರು ಕೇಳಿದರು. ಇರಲೂಬಹುದು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಲ್ಲಿ ಸಹ ಒಂದು ಟನ್ ಅದಿರನ್ನು ಅರೆದರೆ ದೊರೆಯುವದು ಕೆಲವೇ ಗ್ರಾಂ. ಈ ಲೆಕ್ಕ ಹಿಡಿದರೆ ನಮ್ಮ ಕಲ್ಲಿನಲ್ಲಿ ಎಷ್ಟಿದ್ದೀತೆಂಬುದನ್ನು ಅವರೇ ಕಾಗದದ ಮೇಲೆ ಬರೆದು ನೋಡಿದರು.

ಬಳೆಗಳು ಮನೆಯಲ್ಲೇ ಉಳಿದವು. ಕಲ್ಲನ್ನು ಅವರು ವಾಚನಾಲಯಕ್ಕೇ ಕೊಟ್ಟಿದ್ದಾರೆ. ಫ್ಯಾನಿನ ಗಾಳಿಗೆ ಪತ್ರಿಕೆಗಳು ಹಾರದಂತೆ ಅದನ್ನು ಮೇಲಿಟ್ಟಿದ್ದೇವೆ. ಟೈಲ್ಸಿನ ತುಂಡು ಮೇಜಿನ ಖಾನೆಯಲ್ಲಿದೆ.