ಸುಟ್ಟ ಕಾಡಿನಲ್ಲಿ ಎಣಿಸಿದ ಸಸಿಗಳು

2002ರ ಬೇಸಿಗೆಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ನೈರುತ್ಯ ಮೂಲೆಯ ಬೆಟ್ಟಗಳಿಗೆ ಸಿಡಿಲಿನಿಂದ ಬೆಂಕಿ ಹತ್ತಿತು. ಆರುವ ಹೊತ್ತಿಗೆ ಅದು ಸುಮಾರು 2 ಲಕ್ಷ ಹೆಕ್ಟೇರ್ ಕಾಡಿನಲ್ಲಿ ಹರಡಿತ್ತು. ಅಲ್ಲಿಯವರು ಅದನ್ನು ಬಿಸ್ಕಿಟ್ ಕಿಚ್ಚು ಎನ್ನುತ್ತಾರೆ. ಆಮೇಲೆ ಎದ್ದ ಪ್ರಶ್ನೆ ನಮ್ಮ ಅರಣ್ಯ ಇಲಾಖೆಯವರಿಗೂ ಗೊತ್ತಿರುವಂಥದ್ದೇ. ಸುಟ್ಟು ನಿಂತ ಮರಗಳನ್ನು ಕಡಿದು, ನಾಟಾ ಮಾರಿ, ಹೊಸ ಸಸಿ ನೆಡುವುದೋ? ಇಲ್ಲ, ಕಾಡನ್ನು ಅದರ ಪಾಡಿಗೆ ಬಿಡುವುದೋ?

ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಡೊನಾಟೊ ಮತ್ತು ಜೊತೆಗಾರರು ಇದಕ್ಕೆ ಉತ್ತರ ಹುಡುಕಿಕೊಂಡು ಕಾಡಿಗೆ ಹೋದರು. ಮರ ಕಡಿಯುವ ಮುಂಚೆ 2004ರಲ್ಲಿ ಒಮ್ಮೆ, ಕಡಿದ ಮೇಲೆ 2005ರಲ್ಲಿ ಇನ್ನೊಮ್ಮೆ, ತಾನಾಗಿ ಹುಟ್ಟಿದ ಸೂಚಿಪರ್ಣಿ ಸಸಿಗಳನ್ನು ಎಣಿಸಿದರು. ಹೆಕ್ಟೇರಿಗೆ 767 ಸಸಿ ಸಿಕ್ಕವು. ಇದು ಸರಾಸರಿಯಲ್ಲ, ಮಧ್ಯಾಂಕ. ಎಲ್ಲ ಪ್ಲಾಟುಗಳ ಲೆಕ್ಕವನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ನಡುವೆ ಬರುವ ಸಂಖ್ಯೆ. ಮರ ಕಡಿದು ಎಳೆದ ಕಡೆ ಅದು 224ಕ್ಕೆ ಇಳಿದಿತ್ತು. ಶೇ. 71ರಷ್ಟು ಕಡಿಮೆ. ದಿಮ್ಮಿ ಎಳೆಯುವಾಗ ಮಣ್ಣು ಕದಡಿತ್ತು, ಉಳಿದ ರೆಂಬೆಕೊಂಬೆಗಳಡಿ ಸಸಿಗಳು ಹೂತುಹೋಗಿದ್ದವು. ನೆಲದ ಮೇಲೆ ಬಿದ್ದ ಆ ರೆಂಬೆಗಳೇ ಮುಂದಿನ ಬೆಂಕಿಗೆ ಸೌದೆಯೂ ಆಗಿದ್ದವು. ಇಷ್ಟನ್ನು ಒಂದೇ ಪುಟದಲ್ಲಿ ಬರೆದು ‘ಸೈನ್ಸ್’ ಪತ್ರಿಕೆಗೆ ಕಳಿಸಿದರು.

ಅರಣ್ಯಶಾಸ್ತ್ರಕ್ಕೆ ಹೊಸದಾಗಿ ಕಾಲಿಟ್ಟವರಿಗೆ ನಾನು ಪೀರ್ ರಿವ್ಯೂ ಪಾಠವನ್ನು ಈ ಒಂದು ಪುಟದಿಂದಲೇ ಶುರು ಮಾಡುತ್ತೇನೆ.

ಜರ್ನಲ್‌ಗೆ ಲೇಖನ ಬಂದಾಗ ಸಂಪಾದಕರು ಮೊದಲು ತಾವೇ ಓದುತ್ತಾರೆ. ಹಲವು ಲೇಖನಗಳು ಅಲ್ಲಿಂದಲೇ ವಾಪಸಾಗುತ್ತವೆ. ಉಳಿದವು ಅದೇ ವಿಷಯದಲ್ಲಿ ಕೆಲಸ ಮಾಡುವ ಎರಡು ಮೂರು ಜನರಿಗೆ ಹೋಗುತ್ತವೆ. ಈ ಸಹತಜ್ಞರಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಇಂದು ನನ್ನ ಲೇಖನವನ್ನು ಯಾರೋ ಓದಿಕೊಟ್ಟರು, ನಾಳೆ ಇನ್ನೊಬ್ಬರದ್ದನ್ನು ನಾನು ಓದಿಕೊಡುತ್ತೇನೆ, ಮಲೆನಾಡಿನ ಮುಯ್ಯಾಳಿನ ಹಾಗೆ. ಹೆಚ್ಚಿನ ಕಡೆ ಓದಿದವರು ಯಾರೆಂದು ಬರೆದವರಿಗೆ ಗೊತ್ತಾಗುವುದಿಲ್ಲ. ಕೆಲವು ಜರ್ನಲ್‌ಗಳಲ್ಲಿ ಬರೆದವರ ಹೆಸರನ್ನೂ ಮುಚ್ಚಿ ಕಳಿಸುತ್ತಾರೆ. ಪರಿಶೀಲನೆಯ ಪತ್ರಗಳನ್ನೇ ಲೇಖನದ ಜೊತೆ ಅಚ್ಚು ಹಾಕುವ ಜರ್ನಲ್‌ಗಳೂ ಈಗ ಇವೆ. ಓದಿದವರ ಅಭಿಪ್ರಾಯ ನೋಡಿ, ಒಪ್ಪುವುದೋ, ತಿದ್ದಿಸುವುದೋ, ಬೇಡವೆನ್ನುವುದೋ ಎಂದು ಸಂಪಾದಕರು ತೀರ್ಮಾನಿಸುತ್ತಾರೆ.

ಓದುವವರು ಏನು ನೋಡುತ್ತಾರೆ? ಅರಣ್ಯ ಅಧ್ಯಯನದಲ್ಲಿ ಮೊದಲ ಕಣ್ಣು ಬೀಳುವುದು ಪ್ಲಾಟುಗಳ ಮೇಲೆ. ಎಷ್ಟು ಹಾಕಿದ್ದೀರಿ, ಎಲ್ಲಿ ಹಾಕಿದ್ದೀರಿ, ಜಾಗ ಆರಿಸಿದ್ದು ಹೇಗೆ? ರಸ್ತೆಗೆ ಹತ್ತಿರವೆಂದು ಆರಿಸಿದ್ದರೆ ಅದು ಇಡೀ ಕಾಡಿನ ಮಾತಾಗುವುದಿಲ್ಲ. ಒಂದೇ ಗುಡ್ಡದ ಮೇಲೆ ಇಪ್ಪತ್ತು ಪ್ಲಾಟು ಹಾಕಿ, ಇಪ್ಪತ್ತು ಸಲ ಪ್ರಯೋಗ ಮಾಡಿದೆ ಎಂದು ಎಣಿಸಿಕೊಳ್ಳುವುದು ನಮ್ಮ ಶಾಸ್ತ್ರದಲ್ಲಿ ಬಹಳ ಸಲ ಕಾಣುವ ತಪ್ಪು. ಅದು ಒಂದು ಗುಡ್ಡದ ಕಥೆ ಮಾತ್ರ. ಇನ್ನು, ಹೋಲಿಸಿ ನೋಡಲು ಏನೂ ಮಾಡದೆ ಬಿಟ್ಟ ಜಾಗ ಇದೆಯೇ? ಮತ್ತೆ ಕಾಲದ ಪ್ರಶ್ನೆ: ಎರಡು ವರ್ಷದ ಸಸಿ ನೋಡಿ ನೂರು ವರ್ಷದ ಕಾಡಿನ ಬಗ್ಗೆ ಎಷ್ಟು ಹೇಳಬಹುದು? ಗಮನಿಸಿ, ಓದುವವರು ಒರೆಗಾನ್‌ಗೆ ಹೋಗಿ ಸಸಿಗಳನ್ನು ಮತ್ತೆ ಎಣಿಸುವುದಿಲ್ಲ. ಕಾಗದದ ಮೇಲಿನ ವಿಧಾನದಿಂದ ಈ ತೀರ್ಮಾನಕ್ಕೆ ಬರಬಹುದೇ ಎಂದಷ್ಟೇ ನೋಡುತ್ತಾರೆ. ‘ಪೀರ್ ರಿವ್ಯೂ ಆಗಿದೆ, ಹಾಗಾಗಿ ಸತ್ಯ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಡೊನಾಟೊ ಅವರ ಲೇಖನ ಈ ಹಂತ ದಾಟಿ 2006ರ ಜನವರಿ 5ರಂದು ಆನ್‌ಲೈನ್‌ನಲ್ಲಿ ಬಂತು. ಗದ್ದಲ ಎದ್ದಿದ್ದು ಆಮೇಲೆ. ಅದೇ ವಿಶ್ವವಿದ್ಯಾಲಯದ ಅರಣ್ಯ ಕಾಲೇಜಿನ ಹಿರಿಯರೂ ಸೇರಿದಂತೆ ಒಂಬತ್ತು ಜನ ತಜ್ಞರು, ತಮ್ಮ ಆಕ್ಷೇಪಗಳಿಗೆ ಉತ್ತರ ಸಿಗುವ ತನಕ ಇದನ್ನು ಮುದ್ರಿಸಬೇಡಿ ಎಂದು ಪತ್ರಿಕೆಯನ್ನು ಕೇಳಿಕೊಂಡರು. ಸಂಪಾದಕ ಡೊನಾಲ್ಡ್ ಕೆನಡಿ ಒಪ್ಪಲಿಲ್ಲ. ಜನವರಿ 20ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಹಣ ಕೊಟ್ಟಿದ್ದ ಸರ್ಕಾರಿ ಇಲಾಖೆ ಅನುದಾನವನ್ನು ತಡೆಹಿಡಿದು, ಕೆಲವೇ ದಿನಗಳಲ್ಲಿ ಮತ್ತೆ ಕೊಟ್ಟಿತು. ವಿಷಯ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆಯವರೆಗೂ ಹೋಯಿತು.

ಹಿರಿಯರ ಆಕ್ಷೇಪಗಳಲ್ಲಿ ಹುರುಳಿತ್ತು ಎಂಬುದನ್ನೂ ಹೇಳಲೇಬೇಕು. ಬೆಂಕಿ ಬಿದ್ದು ಎರಡು ವರ್ಷ ಕಳೆದ ಮೇಲೆ ಕಡಿದದ್ದರಿಂದ, ಅಷ್ಟರಲ್ಲಿ ಹುಟ್ಟಿದ್ದ ಸಸಿಗಳು ಸತ್ತವು. ಬೆಂಕಿ ಆರಿದ ಕೂಡಲೇ ಕಡಿದಿದ್ದರೆ ಲೆಕ್ಕ ಬೇರೆಯಾಗಬಹುದಿತ್ತು. ಒಂದು ಪುಟದಲ್ಲಿ ವಿಧಾನದ ವಿವರವೂ ಸಾಲದು. ಒಳ್ಳೆಯ ಪ್ರಶ್ನೆಗಳೇ. ಆದರೆ ಇವುಗಳನ್ನು ಕೇಳಲು ಲೇಖನವನ್ನು ತಡೆಯಬೇಕಾಗಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಎರಡು ವಿಮರ್ಶೆಗಳು, ಅವುಗಳ ಜೊತೆಗೆ ಡೊನಾಟೊ ತಂಡದ ಉತ್ತರಗಳು, ‘ಸೈನ್ಸ್’ನಲ್ಲೇ ಬಂದವು. ಇಂದು ಓದುವವರ ಮುಂದೆ ಎರಡು ಕಡೆಯ ಮಾತೂ ಇದೆ. ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಅಚ್ಚಾಗುವ ಮುಂಚಿನ ಪರಿಶೀಲನೆ ಎರಡು ಮೂರು ಜನರದ್ದು, ಅಚ್ಚಾದ ಮೇಲಿನದು ಎಲ್ಲರದ್ದು. ದೊಡ್ಡ ಪರಿಶೀಲನೆ ಎರಡನೆಯದು.

ಎಲ್ಲರದ್ದು ಎಂದೆ. ಆದರೆ ಎಲ್ಲರ ಕೈಗೆ ಲೇಖನ ಸಿಗುತ್ತದೆಯೇ? ಶಿರಸಿಯ ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟದ ಮೇಲೆ ನಡೆದ ಅಧ್ಯಯನ ಓದಲು ಹೋದರೆ, ಎಷ್ಟೋ ಸಲ ಸಾರಾಂಶದ ಕೆಳಗೆ ಹಣ ಕಟ್ಟಿ ಎಂಬ ಸೂಚನೆ ಬರುತ್ತದೆ. ಆ ಬೆಟ್ಟದಲ್ಲಿ ಯಾವ ಮರ ಯಾವಾಗ ಚಿಗುರುತ್ತದೆ ಎಂದು ಬರೆದವರಿಗಿಂತ ಚೆನ್ನಾಗಿ ಬಲ್ಲವರು ಹೊರಗೇ ನಿಲ್ಲಬೇಕಾಗುತ್ತದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಬಿಸ್ಕಿಟ್ ಕಿಚ್ಚು ಹತ್ತಿದ 2002ರಲ್ಲೇ ಬುಡಾಪೆಸ್ಟ್ ಘೋಷಣೆ ಹೊರಬಂತು. ಸಂಶೋಧನಾ ಲೇಖನಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂಬ ಬೇಡಿಕೆಗೆ ಓಪನ್ ಆಕ್ಸೆಸ್ ಎಂಬ ಹೆಸರು ನಿಂತದ್ದು ಅಲ್ಲಿಂದ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಲೇಖನಗಳಿಗಾಗಿ ಒಂದು ಮುಕ್ತ ಭಂಡಾರ ತೆರೆಯಿತು. ಜರ್ನಲ್ ಹಣ ಕೇಳಿದರೂ ಬರೆದವರು ತಮ್ಮ ಹಸ್ತಪ್ರತಿಯನ್ನು ಇಂಥ ಕಡೆ ಇಡಬಹುದು. ಇದು ಹಸಿರು ದಾರಿ. ಜರ್ನಲ್ಲೇ ಉಚಿತವಾಗಿ ತೆರೆದಿಡುವುದು ಚಿನ್ನದ ದಾರಿ. ಆದರೆ ಆ ಖರ್ಚನ್ನು ಹೆಚ್ಚಾಗಿ ಬರೆದವರಿಂದ ವಸೂಲು ಮಾಡುತ್ತಾರೆ, ಹಲವು ಕಡೆ ಅದು ಲಕ್ಷ ರೂಪಾಯಿ ದಾಟುತ್ತದೆ. ಓದುಗರ ಬಾಗಿಲಿನ ಬೀಗ ತೆಗೆದು ಬರೆಯುವವರ ಬಾಗಿಲಿಗೆ ಹಾಕಿದಂತಾಯಿತು. ಎರಡೂ ಕಡೆ ಹಣ ಕೇಳದೆ, ಸಂಘ ಸಂಸ್ಥೆಗಳ ಬಲದಿಂದ ನಡೆಯುವ ಜರ್ನಲ್‌ಗಳು ವಜ್ರದ ದಾರಿಯವು. ನನ್ನ ಒಲವು ಅವುಗಳ ಕಡೆಗೆ.

2025ರ ಜನವರಿಯಿಂದ ನಮ್ಮಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಇದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುವ ನಿಮಗೆ ಸುಮಾರು 13,000 ಜರ್ನಲ್‌ಗಳು ಸಿಗುತ್ತವೆ. ಬಳಸಿಕೊಳ್ಳಿ. ಆದರೆ ಆ ಅಡಿಕೆ ಬೆಳೆಗಾರರಿಗೆ ಇದರಿಂದ ಬಾಗಿಲು ತೆರೆಯಲಿಲ್ಲ. ಒಬ್ಬರಿಗೆ ಚಂದಾ ಕಟ್ಟುವುದು ಬೇರೆ, ಎಲ್ಲರಿಗೂ ತೆರೆದಿಡುವುದು ಬೇರೆ.

ಬರೆದವರಿಂದ ಹಣ ಪಡೆಯುವ ಪದ್ಧತಿ ಬಂದ ಮೇಲೆ, ಪರಿಶೀಲನೆಯ ಹೆಸರು ಹೇಳಿ ಹಣ ಕೀಳುವ ಜರ್ನಲ್‌ಗಳೂ ಹುಟ್ಟಿದವು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು, ಕಲ್ಲುಹೂವಿನಿಂದ ತೆಗೆದ ವಸ್ತು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಸುಳ್ಳು ಲೇಖನವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. ತಜ್ಞರಿಗೆ ಕೂಡಲೇ ಕಾಣುವಂಥ ತಪ್ಪುಗಳನ್ನು ಬೇಕೆಂದೇ ಬಿಟ್ಟಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಈ ಪರೀಕ್ಷೆಗೂ ನೀವು ಪರಿಶೀಲಕರ ಪ್ರಶ್ನೆಯನ್ನೇ ಹಾಕಬೇಕು: ಹೋಲಿಕೆಯ ಪ್ಲಾಟು ಎಲ್ಲಿ? ಚಂದಾ ಜರ್ನಲ್‌ಗಳಿಗೆ ಅವರು ಕಳಿಸಲೇ ಇಲ್ಲ. ಹಾಗಾಗಿ ಮುಕ್ತ ಪ್ರಕಟಣೆಯೇ ಕೆಟ್ಟದ್ದು ಎಂದು ಇದರಿಂದ ಹೇಳಲಾಗದು. ಇಮೇಲ್ ಕಳಿಸಿ ಲೇಖನ ಬೇಡುವ, ಮೂರು ದಿನದಲ್ಲಿ ಒಪ್ಪಿಕೊಳ್ಳುವ, ಸಂಪಾದಕರು ಯಾರೆಂದು ತಿಳಿಸದ ಕಡೆ ನಿಮ್ಮ ಕೆಲಸ ಕೊಡಬೇಡಿ.

ಓದಲು ಎಲ್ಲಿಂದ ಶುರು ಮಾಡಬೇಕು ಎಂದು ಹೊಸಬರು ಕೇಳುತ್ತಾರೆ. ಫಿನ್ಲೆಂಡ್‌ನ ಅರಣ್ಯ ವಿಜ್ಞಾನ ಸಂಘ ಹೊರತರುವ ‘ಸಿಲ್ವಾ ಫೆನ್ನಿಕಾ’ ಮುಕ್ತವಾಗಿದೆ. ಅಮೆರಿಕದ ಅರಣ್ಯ ಸೇವೆಯ ‘ಟ್ರೀಸರ್ಚ್’ ಭಂಡಾರ ಇದೆ. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕರೆಂಟ್ ಸೈನ್ಸ್’ನ ಹಳೆಯ ಸಂಚಿಕೆಗಳಿವೆ. ಒಂದು ಲೇಖನ ಆರಿಸಿ, ತೀರ್ಮಾನವನ್ನು ಕೈಯಿಂದ ಮುಚ್ಚಿಕೊಂಡು, ವಿಧಾನದ ಭಾಗವನ್ನಷ್ಟೇ ಓದಿ. ನೀವೇ ಪರಿಶೀಲಕರಾಗಿದ್ದರೆ ಕೇಳುತ್ತಿದ್ದ ಮೂರು ಪ್ರಶ್ನೆಗಳನ್ನು ಬರೆದಿಡಿ. ಆಮೇಲೆ ಕೈ ತೆಗೆದು ಮುಂದೆ ಓದಿ.