ಪಥ್ಯ ಮತ್ತು ಪ್ರಮಾಣ

'ಪಥ್ಯ' ಎಂಬ ಶಬ್ದವು 'ಪಥ'ದಿಂದ ನಿಷ್ಪನ್ನವಾದುದು. ಪಥದಿಂದ ಅಗಲದಿರುವುದೇ ಪಥ್ಯವೆಂದು ವೈಯಾಕರಣರು ಅರ್ಥ ಹೇಳುತ್ತಾರೆ. ಆದುದರಿಂದ ಯಾವ ಪಥ್ಯವನ್ನೇ ಆಗಲಿ ವಿವೇಚಿಸುವಾಗ ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳು ಅವಶ್ಯಕ. ಅನ್ನ, ರೊಟ್ಟಿ, ಸಕ್ಕರೆಗಳನ್ನು ತೊರೆದು ಬೆಣ್ಣೆ, ತುಪ್ಪ, ಎಣ್ಣೆಗಳನ್ನೇ ಪ್ರಧಾನವಾಗಿ ಸೇವಿಸುವ ಇಂದಿನ ಪದ್ಧತಿಗೂ ಈ ಮಾತು ಸಲ್ಲುತ್ತದೆ.

ಈ ಪದ್ಧತಿಯ ಕಟ್ಟುನಿಟ್ಟಾದ ರೂಪವು ಚಿಕಿತ್ಸೆಯಾಗಿಯೇ ಹುಟ್ಟಿತು. ಉಪವಾಸದಿಂದ ಅಪಸ್ಮಾರ, ಅಂದರೆ ಮೂರ್ಛೆರೋಗವು ತಗ್ಗುವುದನ್ನು ವೈದ್ಯರು ಬಲ್ಲವರಾಗಿದ್ದರು. ಆದರೆ ಉಪವಾಸವನ್ನು ಬಹುಕಾಲ ನಡೆಸುವಂತಿರಲಿಲ್ಲ. ಶರ್ಕರಪಿಷ್ಟವು ಅತ್ಯಲ್ಪವಾದಾಗ ಯಕೃತ್ತು ಕೊಬ್ಬಿನಿಂದ 'ಕೀಟೋನ್' ಎಂಬ ದ್ರವ್ಯಗಳನ್ನು ನಿರ್ಮಿಸುತ್ತದೆ. ಮೆದುಳು ಗ್ಲೂಕೋಸಿಗೆ ಬದಲಾಗಿ ಬಹುಮಟ್ಟಿಗೆ ಇವುಗಳನ್ನು ಬಳಸಿಕೊಳ್ಳುತ್ತದೆ. ಉಪವಾಸದ ಈ ಸ್ಥಿತಿಯನ್ನು ಆಹಾರದಿಂದಲೇ ಪಡೆಯಬಹುದೆಂದು 1921ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಡಾ. ರಸೆಲ್ ವೈಲ್ಡರ್ ಅವರು ಸೂಚಿಸಿ, ಅದನ್ನು ಕೀಟೋಜೆನಿಕ್ ಆಹಾರವೆಂದು ಕರೆದರು.

2008ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಔಷಧಗಳಿಗೆ ಮಣಿಯದ ಅಪಸ್ಮಾರವಿದ್ದ 145 ಮಕ್ಕಳಿದ್ದರು. ಮೂರು ತಿಂಗಳಲ್ಲಿ, ಪಥ್ಯಕ್ಕೆ ಆರಿಸಿದ ಮಕ್ಕಳಲ್ಲಿ ಶೇಕಡ 38 ಮಂದಿಗೆ ಸೆಳವುಗಳು ಅರ್ಧಕ್ಕಿಂತಲೂ ಹೆಚ್ಚು ತಗ್ಗಿದವು. ಉಳಿದವರಲ್ಲಿ ಶೇಕಡ 6 ಮಂದಿಗೆ ಮಾತ್ರ. ಹಗಲಿರುಳು ಮಗುವನ್ನು ಕಾಯುವ ತಾಯಿತಂದೆಯರಿಗೆ ಇದು ಸಾಮಾನ್ಯವಾದ ಲಾಭವಲ್ಲ. ಆದರೆ ಅಲ್ಲಿ ಪ್ರತಿ ತುತ್ತೂ ತೂಗಿದ ತುತ್ತು. ಜೀವಸತ್ತ್ವಗಳನ್ನು ಪ್ರತ್ಯೇಕವಾಗಿ ಕೊಡಬೇಕು. ಮಲಬದ್ಧತೆ, ವಾಂತಿ, ಮೂತ್ರಪಿಂಡದ ಕಲ್ಲು, ಕುಂಠಿತ ಬೆಳವಣಿಗೆ ಇವುಗಳ ಮೇಲೆ ವೈದ್ಯರ ಕಣ್ಣಿರಬೇಕು.

ದೇಹದ ತೂಕ ಇಳಿಸುವವರ ವಿಷಯ ಬೇರೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ವಯಸ್ಕರನ್ನು ಒಂದು ವರ್ಷ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಕೊಬ್ಬನ್ನು ತಗ್ಗಿಸಿದವರು ಸರಾಸರಿ 5.3 ಕಿಲೋಗ್ರಾಂ, ಶರ್ಕರಪಿಷ್ಟವನ್ನು ತಗ್ಗಿಸಿದವರು 6 ಕಿಲೋಗ್ರಾಂ ಇಳಿದಿದ್ದರು. ಈ ಅಂತರವು ಗಣನೀಯವೆನಿಸಲಿಲ್ಲ. ಮಧುಮೇಹಿಗಳಲ್ಲಿ ಶರ್ಕರಪಿಷ್ಟ ತಗ್ಗಿದರೆ ರಕ್ತದ ಸಕ್ಕರೆ ಇಳಿಯುವುದು ನಿಜ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು ಅದರ ಪ್ರಮಾಣವನ್ನು ವೈದ್ಯರಿಂದ ಬದಲಿಸಿಕೊಳ್ಳದೆ ಅನ್ನ ಬಿಟ್ಟರೆ, ಸಕ್ಕರೆ ಅತಿಯಾಗಿ ಕುಸಿದು ಪ್ರಾಣಾಪಾಯ ಒದಗಬಹುದು. ತುಪ್ಪ, ಬೆಣ್ಣೆಗಳ ಅತಿಸೇವನೆಯಿಂದ ಅಹಿತಕರ ಕೊಲೆಸ್ಟರಾಲ್ ಏರುವುದೂ ಉಂಟು.

ಜೋಳ, ರಾಗಿ, ಬೇಳೆಗಳು ಪಿಷ್ಟದೊಡನೆ ನಾರನ್ನೂ ಕೊಡುತ್ತವೆ. ಅವನ್ನು ಸಕ್ಕರೆಯ ಸಾಲಿನಲ್ಲಿ ಕೂರಿಸಿ ನಿಂದಿಸುವುದು ಯುಕ್ತವಲ್ಲ. ಒಬ್ಬ ರೋಗಿಗೆ ತೂಗಿ ಕೊಟ್ಟ ಔಷಧವನ್ನು ಊರೆಲ್ಲ ಅಳೆಯದೆ ಉಂಡರೆ ಅದು ಪಥ್ಯವೆನಿಸದು. ಪಥವನ್ನೇ ತಪ್ಪಿದ ಅಪಥ್ಯವೆನಿಸುವುದು.